ಬಿಳಿ ದಾರದ ಸಿನಿಮಾ

ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ಕಾಲುವೆ ದಂಡೆಯ ಮೇಲೆ ಹೋಗುತ್ತಿದ್ದೆ. ತೆನೆ ಬಿಟ್ಟ ಭತ್ತದ ಗದ್ದೆಯಲ್ಲಿ ಹಕ್ಕಿ ಬೆದರಿಸಲು ಹಳೆಯ ಸಿ.ಡಿ.ಗಳನ್ನು ಕಟ್ಟಿದ್ದರು. ಬಿಸಿಲಿಗೆ ಅವು ತಿರುಗುತ್ತಾ ಮಿಂಚುತ್ತಿದ್ದವು. ಒಂದರ ನಡುವಿನ ತೂತಿನಲ್ಲಿ, ಹೊಸ ತಂತಿಯ ಪಕ್ಕ, ಹಳೆಯ ಬಿಳಿ ದಾರವೊಂದು ಗಂಟು ಸಮೇತ ಹಾಗೇ ಉಳಿದಿತ್ತು. ಇನ್ನೊಂದರಲ್ಲಿ ಹಳದಿ. ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ.

"ಇವನ್ನ ಯಾರು ಕಟ್ಟ್ಯಾರಜ್ಜಿ?" ಎಂದಳು ಮೊಮ್ಮಗಳು. ಅವಳಿಗೆ ನಾಲ್ಕು ವರ್ಷ. ತಂತಿ ಕಟ್ಟಿದವರು ಯಾರೋ ನನಗೆ ಗೊತ್ತಿರಲಿಲ್ಲ. ದಾರ ಕಟ್ಟಿದವರು ಗೊತ್ತಿದ್ದರು...

ನಮ್ಮ ಬುಕ್ಕಸಾಗರದಲ್ಲಿ ಮನೆಮನೆಗೆ ಕೇಬಲ್ ಎಳೆದವರು ಅವರು. ಊರೆಲ್ಲ ಕೇಬಲ್ ಅಣ್ಣ ಅನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಪ್ರತಿ ಭಾನುವಾರ ಮಧ್ಯಾಹ್ನ ತಮ್ಮ ಮಾಳಿಗೆಯ ಕೋಣೆಯಿಂದ ಒಂದು ಸಿನಿಮಾ ಹಾಕುತ್ತಿದ್ದರು. ಅದು ಊರಿನ ಎಲ್ಲ ಟಿ.ವಿ.ಗಳಲ್ಲೂ ಬರುತ್ತಿತ್ತು. ಸಿ.ಡಿ.ಗಳನ್ನು ಹೊಸಪೇಟೆಯಿಂದ ತಂದು, ಮೊದಲು ತಾವೊಬ್ಬರೇ ಕೂತು ಪೂರ್ತಿ ನೋಡಿ, ಆಮೇಲೆ ತೂತಿನಲ್ಲಿ ದಾರ ಕಟ್ಟುತ್ತಿದ್ದರು. ಬಿಳಿ ದಾರ ಎಂದರೆ ತೊಡೆಯ ಮೇಲಿನ ಕೂಸೂ ನೋಡಬಹುದು. ಹಳದಿ ಎಂದರೆ ಶಾಲೆಗೆ ಸೇರಿ ಒಂದೆರಡು ವರ್ಷವಾಗಿರಬೇಕು. ಕೆಂಪು ದಾರದವು ಪೆಟ್ಟಿಗೆಯ ತಳ ಬಿಟ್ಟು ಮೇಲೆ ಬರುತ್ತಿರಲಿಲ್ಲ. ಹಾಕುವಾಗ ದಾರ ಬಿಚ್ಚುವುದು, ತೆಗೆದ ಮೇಲೆ ಮತ್ತೆ ಕಟ್ಟುವುದು.

ಅವರ ಲೆಕ್ಕಾಚಾರವೇ ಬೇರೆ. ದೆವ್ವಕ್ಕೆ ಹಳದಿ ಕಟ್ಟಿದರೆ, ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುವ ಸಿನಿಮಾಕ್ಕೆ ಕೆಂಪು ಕಟ್ಟುತ್ತಿದ್ದರು. ಒಮ್ಮೆ ಯಾಕೆ ಹೀಗೆ ಎಂದು ಕೇಳಿದ್ದೆ. "ದೆವ್ವ ನಮ್ಮ ಮನ್ಯಾಗ ಇಲ್ಲ ಅಂತ ಕೂಸಿಗೆ ಹೇಳಬೌದು ತಂಗಿ. ಅಪ್ಪ ಇರ್ತಾನಲ್ಲ" ಅಂದಿದ್ದರು.

ಬಿಳಿ ದಾರದ್ದರಲ್ಲೂ ಎಲ್ಲಾದರೂ ರಕ್ತ ಬಂದರೆ ಒಂದು ಸ್ವಿಚ್ ಒತ್ತುತ್ತಿದ್ದರು. ಊರಿನ ಟಿ.ವಿ.ಗಳ ಮೇಲೆಲ್ಲ ಒಂದು ಕೆಂಪು ದಾಸವಾಳದ ಫೋಟೋ ಬಂದು ನಿಲ್ಲುತ್ತಿತ್ತು. ಸದ್ದಿಲ್ಲ. ಹೊಡೆದಾಟ ಮುಗಿದ ಮೇಲೆ ಹೂವು ಹೋಗುತ್ತಿತ್ತು. ಹುಡುಗರು ಅವರ ಮಾಳಿಗೆ ಕೆಳಗೆ ನಿಂತು ಕೂಗುತ್ತಿದ್ದರು, "ಅಣ್ಣಾ, ಪೂಜಿ ಸಾಕು, ಫೈಟ್ ತೋರ್ಸೋ." ಅವರು ಕಿಟಕಿಯಿಂದಲೇ, "ನಿಮ್ಮನಿ ಸಣ್ಣದು ಹೆದ್ರಿ ಹಾಸಿಗಿ ತೋಯ್ಸಿದ್ರ ಒಣಗ್ಸಾಕ ನೀ ಬರ್ತಿಯೇನಲೇ?" ಅನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ದಾರಿಯಲ್ಲಿ ಸಿಕ್ಕರೆ ನಮ್ಮನ್ನೇ ಕೇಳುವರು. ಯಾವುದು ಹಾಕಲಿ, ಮನೆಯಲ್ಲಿ ನೆಂಟರ ಮಕ್ಕಳು ಬಂದಿದ್ದಾರಾ, ಚಿಕ್ಕದಕ್ಕೆ ಎಷ್ಟು ವರ್ಷ...

ನನ್ನ ಮಗಳಿಗೆ ಆಗ ಆರು ವರ್ಷ.

ಆ ದಿನ ಬುಧವಾರ. ಬೆಳಿಗ್ಗೆ ಪಂಪ್‌ಸೆಟ್ ಹಾಕಲು ಗದ್ದೆಗೆ ಹೋದ ನನ್ನ ಗಂಡ ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತವರು ಏಳಲಿಲ್ಲ. ಹೊಸಪೇಟೆಗೆ ಒಯ್ಯುವಾಗ ಕಮಲಾಪುರ ದಾಟುವಷ್ಟರಲ್ಲೇ ಮುಗಿದಿತ್ತು. ಮಗಳು ಇನ್ನೂ ನಿದ್ದೆಯಲ್ಲಿದ್ದಾಗಲೇ ಪಕ್ಕದ ಮನೆಯವರು ಅವಳನ್ನು ಎತ್ತಿಕೊಂಡು ತಮ್ಮ ಮನೆಗೆ ಒಯ್ದಿದ್ದರು. ಗಂಡನನ್ನು ವಾಪಸು ತಂದು ಪಡಸಾಲೆಯಲ್ಲಿ ಮಲಗಿಸಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅವಳು ಇತ್ತ ಬರಬಾರದು, ನೋಡಬಾರದು. ಗಂಡನ ಅಣ್ಣನೂ ಅದನ್ನೇ ಹೇಳಿದರು. ಸಂಜೆಯೊಳಗೆ ಮಣ್ಣು ಮಾಡಿದರಾಯಿತು, ಕೂಸಿಗೆ ಅಪ್ಪ ಊರಿಗೆ ಹೋಗಿದ್ದಾನೆ ಅಂದರಾಯಿತು.

ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಕೇಬಲ್ ಅಣ್ಣನಿಗೆ ನಾನೇ ಹೇಳಿದೆ. "ಅಣ್ಣಾ, ಏನರ ಸಿನಿಮಾ ಹಾಕು. ಒಂದು ಮುಗದ್ರ ಇನ್ನೊಂದು. ಆಕಿ ಟಿ.ವಿ. ಬಿಟ್ಟು ಏಳಬಾರ್ದು."

"ಯಾವ್ದು ಹಾಕ್ಲಿ?" ಅಂದರು, ಭಾನುವಾರದ ಅಭ್ಯಾಸದಿಂದ. ಅಂದವರೇ ಮುಖ ತಿರುಗಿಸಿಕೊಂಡು ಹೋದರು.

ಆಮೇಲೆ ಅವರ ಹೆಂಡತಿ ಹೇಳಿದ್ದು, ಆವತ್ತು ಅವರು ಪೆಟ್ಟಿಗೆಯನ್ನು ನೆಲಕ್ಕೆ ಸುರುವಿಕೊಂಡು ಕೂತಿದ್ದರಂತೆ. ಬಿಳಿ ದಾರದವುಗಳಲ್ಲೇ ಒಂದರಲ್ಲಿ ಅಪ್ಪ ಮೊದಲೇ ಸತ್ತಿರುತ್ತಾನೆ. ಇನ್ನೊಂದರಲ್ಲಿ ಗೋಡೆಯ ಫೋಟೋಕ್ಕೆ ಹಾರ. ಮತ್ತೊಂದರಲ್ಲಿ ಆಸ್ಪತ್ರೆ. ಇಷ್ಟು ದಿನ ಇವು ತಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದು ಒಂದೊಂದನ್ನೇ ಬದಿಗಿಡುತ್ತಿದ್ದರಂತೆ.

ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ನಾನು ಗಂಡನ ತಲೆಯ ಹತ್ತಿರ ಕೂತಿದ್ದೆ, ಗೋಡೆಯ ಆಚೆ ಹಾಡು ಕೇಳುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದರು. ನಾನು ಗಟ್ಟಿಯಾಗಿ ಅಳಲಿಲ್ಲ, ಅವಳಿಗೆ ಕೇಳಿಸೀತು ಎಂದು. ಮೊದಲ ಸಿನಿಮಾ ಮುಗಿದಾಗ ಆಚೆ ಎಲ್ಲ ಸ್ತಬ್ಧವಾಯಿತು. ಅವಳ ಕಾಲ್ಗೆಜ್ಜೆಯ ಸದ್ದು ಬಾಗಿಲ ತನಕ ಬಂದಂತಾಯಿತು... ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಗೆಜ್ಜೆ ಒಳಗೆ ಹೋಯಿತು. ಹೊರಗೆ ಚಟ್ಟ ಕಟ್ಟುತ್ತಿದ್ದರು. ಬಿಸಿಲು ಕಟ್ಟೆಯಿಂದ ಇಳಿಯಿತು. ಎರಡನೆಯದೂ ಮುಗಿದು ಮೂರನೆಯದು ಶುರುವಾಗಿತ್ತು.

ಅದು ನಡುವಿನಲ್ಲೇ ನಿಂತುಹೋಯಿತು.

ಕರೆಂಟು ಹೋಯಿತೆಂದು ಮೇಲೆ ನೋಡಿದೆ. ನಮ್ಮ ಫ್ಯಾನು ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕೇಬಲ್ ಅಣ್ಣ ಹಿತ್ತಲ ಬಾಗಿಲಿಂದ ಒಳಗೆ ಬಂದರು.

"ನಿಲ್ಸು ಅಂತ ಯಾವನಲೇ ಹೇಳ್ದ ನಿನಗ?" ಎಂದರು ನನ್ನ ಗಂಡನ ಅಣ್ಣ.

ಅವರಿಗೆ ಉತ್ತರ ಕೊಡದೆ ಕೇಬಲ್ ಅಣ್ಣ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. "ತಂಗಿ, ಚಿತ್ರ ಸರಿ ಬರಾಕತ್ತೈತೇನು ಅಂತ ನೋಡಾಕ ಪಕ್ಕದ ಮನಿಗೆ ಹೋಗಿದ್ದೆ. ನಿನ್ ಮಗಳು ಕೇಳಿದ್ಲು. ಮಾಮಾ, ಇವತ್ತು ಐತಾರ ಅಲ್ಲಲ್ಲ, ಮತ್ಯಾಕ ಹಾಕಾಕತ್ತಿ ಅಂತ. ಸಿನಿಮಾದಾಗ ಎಲ್ರೂ ನಗ್ತಾರ, ನೋಡೋರು ಯಾರೂ ನಗವಲ್ರಲ್ಲ ಅಂತ."



"ಆಕಿಗೆ ಆರು ವರ್ಷನೋ" ಎಂದರು ನನ್ನ ಗಂಡನ ಅಣ್ಣ, ದನಿ ಇಳಿಸಿ.

"ಗೊತ್ತೈತ್ರಿ. ಊರಿನ ಕೂಸುಗಳ ವಯಸ್ಸು ನನಗಿಂತ ಯಾರಿಗ್ ಗೊತ್ತು? ಸಿನಿಮಾ ಆದ್ರ ಈಗ ಬ್ಯಾಡ, ದೊಡ್ಡಾಕಿ ಆದ ಮ್ಯಾಲ ನೋಡು ಅಂತೀನಿ. ಅಪ್ಪನ ಮುಖ ಆಮ್ಯಾಲ ಎಲ್ಲಿಂದ ತಂದು ಹಾಕ್ಲಿ?" ಅಷ್ಟು ಹೇಳಿ ನೆಲ ನೋಡಿದರು. "ನಮ್ಮವ್ವ ಹೋದಾಗ ನನ್ನ ಕಂಪ್ಲಿಗೆ ಕರ್ಕೊಂಡು ಹೋಗಿದ್ರು, ಟೆಂಟಿನ್ಯಾಗ ಸಿನಿಮಾ ತೋರ್ಸಾಕ. ವಾಪಸ್ ಬಂದ್ರ ಮನಿ ತೊಳದಿದ್ರು..."

ನಾನು ಎದ್ದೆ.

ಪಕ್ಕದ ಮನೆಯ ಟಿ.ವಿ.ಯಲ್ಲಿ ದಾಸವಾಳ ನಿಂತಿತ್ತು. ಆ ಮನೆಯವರು ಗೋಡೆಗೆ ಒರಗಿ ನಿಂತಿದ್ದರು, ಟಿ.ವಿ. ಮುಂದೆ ಚಾಪೆಯ ಮೇಲೆ ಮಗಳೊಬ್ಬಳೇ ಕೂತಿದ್ದಳು. ನನ್ನನ್ನು ನೋಡಿ, "ಈಗ ಏನು ಮುಚ್ಯಾರವ್ವಾ?" ಎಂದಳು. ಅವಳ ಪಕ್ಕ ಕೂತು ಹೇಳಿದೆ. ಅಪ್ಪ ಸತ್ತು ಹೋದರು ಎಂದೇ ಹೇಳಿದೆ, ಬೇರೆ ಮಾತು ಹುಡುಕಲಿಲ್ಲ. ಅವಳು ಬಹಳ ಹೊತ್ತು ಹೂವನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದಳು.

ಪಡಸಾಲೆಯಲ್ಲಿ ಯಾರೋ ಅವಳ ಕಣ್ಣಿಗೆ ಕೈ ಅಡ್ಡ ತಂದರು. ಅವಳು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಅಪ್ಪನ ಗಲ್ಲ ಮುಟ್ಟಿದಳು. "ಗಡ್ಡ ಚುಚ್ತೈತಿ" ಎಂದಳು, ದಿನಾ ಅನ್ನುವ ಹಾಗೆಯೇ. ಆಗ ನನಗೆ ಗಟ್ಟಿಯಾಗಿ ಅಳಲು ಬಂತು.

ವರ್ಷಗಳಾದವು. ಮನೆಗಳ ಮೇಲೆ ಡಿಶ್‌ಗಳು ಬಂದವು, ಆಮೇಲೆ ಎಲ್ಲರ ಕೈಗೂ ಫೋನು. ಕೇಬಲ್ ಅಣ್ಣ ವೈರು ಸುತ್ತಿಟ್ಟು ಮೋಟಾರು ರಿಪೇರಿಗೆ ಇಳಿದರು. ಆ ದಿನದ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ. ಒಂದು ಸಲ ಹೇಳಬೇಕೆಂದಿದ್ದೆ... ಹೋದ ತಿಂಗಳು ಅವರೂ ಹೋದರು. ಪೆಟ್ಟಿಗೆಯಲ್ಲಿದ್ದ ಸಿ.ಡಿ.ಗಳನ್ನು ಅವರ ಮನೆಯವರು ಕೇಳಿದವರಿಗೆಲ್ಲ ಕೊಟ್ಟಿರಬೇಕು.

ಮಗಳು ಈಗ ಸಂಡೂರಿನಲ್ಲಿದ್ದಾಳೆ. ರಜೆಗೆ ಬಂದಿದ್ದಾಳೆ. ಫೋನಿನಲ್ಲಿ ಸಿನಿಮಾದ ಹೆಸರಿನ ಪಕ್ಕದಲ್ಲೇ ಎಷ್ಟು ವರ್ಷದವರಿಗೆಂದು ಅಂಕಿ ಬರೆದಿರುತ್ತದೆ. ಅವಳು ಅದನ್ನು ನಂಬುವುದಿಲ್ಲ. ಮೊದಲು ತಾನೊಬ್ಬಳೇ ಪೂರ್ತಿ ನೋಡುತ್ತಾಳೆ, ಆಮೇಲೆ ಮಗುವಿಗೆ ತೋರಿಸುತ್ತಾಳೆ. ಯಾರಿಂದ ಕಲಿತೆ ಎಂದು ನಾನು ಕೇಳಿಲ್ಲ. ಮೊನ್ನೆಯೂ ಹಾಗೆ ಒಂದನ್ನು ನೋಡುತ್ತಾ ಕೂತಿದ್ದಳು. ಅದಕ್ಕೇ ನಾನು ಮೊಮ್ಮಗಳನ್ನು ಕಾಲುವೆಯ ಕಡೆ ಕರೆತಂದದ್ದು.

"ದಾರ ಕಟ್ಟಿದ್ದು ಕೇಬಲ್ ಅಜ್ಜ" ಎಂದೆ.

"ಎಲ್ಲಿದಾನ?"

ಊರಿಗೆ ಹೋಗಿದ್ದಾನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೆ ನಾಲ್ಕೇ ವರ್ಷ.

"ಸತ್ತು ಹೋದ" ಎಂದೆ.

ಅವಳು ತಿರುಗುತ್ತಿದ್ದ ಸಿ.ಡಿ.ಯನ್ನು ನೋಡುತ್ತಾ ನಿಂತಳು. ಅವಳ ಮುಖದ ಮೇಲೆ ಬೆಳಕು ಬಂದು ಹೋಗಿ ಮಾಡುತ್ತಿತ್ತು. ನಾನು ಕೈ ಅಡ್ಡ ತರಲಿಲ್ಲ.