ರೇಡಿಯೋ ಮೇಷ್ಟ್ರು ಅಳೆದ ದನಿ

ಅವರ ಬಲಗೈಯ ತೋರುಬೆರಳ ತುದಿ ಬೆಸುಗೆ ಕಡ್ಡಿಯ ಕಾವಿಗೆ ಸುಟ್ಟು ಸುಟ್ಟು ಹುಣಸೆಬೀಜದಂತೆ ಗಟ್ಟಿಯಾಗಿತ್ತು. ಸೆಟ್ಟಿನ ಗುಂಡಿ ತಿರುಗಿಸುವಾಗ ಮಾತ್ರ ಅದೇ ಬೆರಳು ಕೂಸಿನ ಕೆನ್ನೆ ಮುಟ್ಟುವಷ್ಟು ಮೆತ್ತಗಾಗುತ್ತಿತ್ತು. ಕೊಟ್ಟೂರಿನಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಅವರನ್ನು, ಯಾವ ಶಾಲೆಯಲ್ಲೂ ಪಾಠ ಮಾಡದಿದ್ದರೂ, ಊರೆಲ್ಲ ರೇಡಿಯೋ ಮೇಷ್ಟ್ರು ಅನ್ನುತ್ತಿತ್ತು. "ಹಲೋ, ಹಲೋ" ಎಂದು ಮೈಕ್ ಪರೀಕ್ಷಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಸೆಟ್ಟೇನು ಕಿವುಡೇನ್ರಿ?" ಎಂದು ಗದರುತ್ತಿದ್ದರು.

ಅದು ತೊಂಬತ್ತರ ದಶಕ. ನಾನು ಅಲ್ಲಿ ಶಾಲಾ ಶಿಕ್ಷಕಿ. ಸೋಮವಾರ ಸಂಜೆ ಸಮುದಾಯ ಭವನದಲ್ಲಿ ವಚನ ಹಾಡುತ್ತಿದ್ದೆ. ಮೇಷ್ಟ್ರೇ ಜೋಡಿಸಿಕೊಟ್ಟ ಹೊಸ ಧ್ವನಿವರ್ಧಕದ ಸೆಟ್ಟು ಭವನಕ್ಕೆ ಬಂದು, ನಾನು ಅದರಲ್ಲಿ ಹಾಡಿದ ಮೇಲೆ ಹಿರಿಯರೊಬ್ಬರು, "ಮ್ಯಾಲಿನ ಸ್ವರದಾಗ ನಿಮ್ಮ ದನಿ ಒಡಿತೈತ್ರಿ ಟೀಚರ್. ಇನ್ನ ಬ್ಯಾರೇರು ಹಾಡ್ಲಿ" ಎಂದರು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನಾನು ಅಂದು ವಚನದ ಪುಸ್ತಕ ಮಡಿಚಿಕೊಂಡು ಎದ್ದುಬಂದೆ. ನನ್ನ ಕಿವಿಗೂ ಹಾಗೇ ಕೇಳಿಸಿತ್ತು. ಮನೆಯಲ್ಲೂ ಹಾಡುವುದನ್ನು ಬಿಟ್ಟೆ.

ಸುದ್ದಿ ಕೇಳಿದ ಮೇಷ್ಟ್ರು ಮರುದಿನವೇ ಹಿರಿಯರನ್ನೂ ನನ್ನನ್ನೂ ಭವನಕ್ಕೆ ಕರೆಸಿದರು. ತಾವೇ ಮಾಡಿದ ಪೆಟ್ಟಿಗೆಯೊಂದರಿಂದ ಸಿಳ್ಳೆಯಂಥ ಒಂದೇ ನಾದವನ್ನು ಸೆಟ್ಟಿಗೆ ಕೊಟ್ಟರು. ಪಕ್ಕದಲ್ಲಿದ್ದ, ನಾದವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಹಸಿರು ಗೆರೆ ಅಲೆಅಲೆಯಾಗಿ ಮೂಡಿತು. ನಾದವನ್ನು ಸಣ್ಣದರಿಂದ ದೊಡ್ಡದಕ್ಕೆ ಏರಿಸುತ್ತ, ಒಂದೊಂದು ಮಟ್ಟದಲ್ಲೂ ನಿಂತು, ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಬರೆದುಕೊಂಡರು. ಅಲೆಗಳು ಗುಂಡಗೆ ಬೆಳೆದವು. ಒಂದು ಮಟ್ಟ ದಾಟಿದ್ದೇ ತಡ, ಅವುಗಳ ನೆತ್ತಿ ಕುಡುಗೋಲಿನಿಂದ ಸವರಿದಂತೆ ಚಪ್ಪಟೆಯಾಯಿತು. ನಾದ ಕರ್ಕಶವಾಗಿ ಒಡೆಯಿತು, ನನ್ನ ದನಿ ಒಡೆದಂತೆಯೇ.

"ಒಡದಿದ್ದು ಟೀಚರ್ ದನಿ ಅಲ್ರಿ, ನನ್ನ ಸೆಟ್ಟು" ಎಂದರು ಮೇಷ್ಟ್ರು. "ಭಾಷಣದ ಮಟ್ಟಕ್ಕಷ್ಟ ಅಳದು ಕೊಟ್ಟಿದ್ದೆ. ಹಾಡೂವಾಗ ಇವ್ರ ದನಿ ಆ ಮಟ್ಟ ದಾಟತೈತ್ರಿ. ತಪ್ಪು ನಂದೈತ್ರಿ."

"ನಿಮ್ಮ ಸೆಟ್ಟಿಗೆ ನೀವ ಬೈತೀರೇನ್ರಿ ಮೇಷ್ಟ್ರ?" ಹಿರಿಯರು ನಕ್ಕರು.

"ಹುಟ್ಟಿಸಿದಾಂವ ನಾನು. ಮತ್ಯಾರು ಬೈಬೇಕ್ರಿ?"

ತಮ್ಮ ತಪ್ಪನ್ನು ಹೀಗೆ ಅಳೆದು, ನಾಲ್ಕು ಜನರ ಮುಂದಿಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮುಂದಿನ ಸೋಮವಾರದ ಹೊತ್ತಿಗೆ ಸೆಟ್ಟು ಸರಿಯಾಗಿ ಬಂತು, ನಾನು ಹಾಡಿದೆ. ಮೇಲಿನ ಸ್ವರ ಮುಟ್ಟಿದಾಗ ಅವರು ಕಣ್ಣು ಮುಚ್ಚಿ, ಆ ಗಟ್ಟಿ ಬೆರಳನ್ನು ಮೆಲ್ಲಗೆ ಮೇಲೆತ್ತಿದರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಅವರ ಮನೆಯಂಗಳದಲ್ಲಿ ಮೈಕಿಲ್ಲದೆ ಹಾಡಿದೆ. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಅಂದು ಒಡೆದದ್ದು ನನ್ನದೇ.