ತೊಟ್ಟಿಲಿಗೆ ಮುಂಚಿನ ಸಾಲು

ಬೆಳಗಿನ ಚಹಾ ಇನ್ನೂ ಕೈಯಲ್ಲಿತ್ತು, ಹುಮನಾಬಾದಿನಿಂದ ಫೋನು ಬಂತು. ಅಲ್ಲಿನ ಒಂದು ಚಿಕ್ಕ ಮಕ್ಕಳ ಆಸ್ಪತ್ರೆಗೆ ನಾನು ಬಸವಕಲ್ಯಾಣದ ನಮ್ಮ ಮನೆಯ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತು ವೆಬ್‌ಸೈಟ್ ಬರೆದುಕೊಟ್ಟಿದ್ದೆ. ಮಾತಾಡುತ್ತಿದ್ದವರು ಆಸ್ಪತ್ರೆಯ ಹಿರಿಯ ನರ್ಸ್.

"ಮೇಡಂ, ತಾಯಿ ಕೂಡ್ತಾಳ್ರಿ, ಕೂಸು ಕೂಡಾಕತ್ತಿಲ್ಲ."

ಅವರ ಲೆಕ್ಕದಲ್ಲಿ ಕೂಡುವುದು, ಕೂತುಕೊಳ್ಳುವುದು ಎಂದರೆ ಸೇವ್ ಆಗುವುದು. ನಾನು ಮಾಡಿದ ಪುಟದಲ್ಲಿ ಮೇಲೆ ತಾಯಿಯ ಹೆಸರು, ಊರು, ಫೋನ್ ನಂಬರು. ಅದರ ಹೊಟ್ಟೆಯಲ್ಲೇ ಕೆಳಗೆ ಮಕ್ಕಳ ಸಾಲುಗಳು: ಹೆಸರು, ಹುಟ್ಟಿದ ದಿನ, ತೂಕ, ಮತ್ತೆ ಯಾವಾಗ ಬರಬೇಕು. ಒಂದೇ ಬಟನ್ ಒತ್ತಿದರೆ ತಾಯಿ ಮಕ್ಕಳು ಒಟ್ಟಿಗೆ ಸೇವ್ ಆಗಬೇಕು. ಆಯಾ ದಿನ ಬರಬೇಕಾದ ಕೂಸುಗಳನ್ನು ಅದೇ ವೆಬ್‌ಸೈಟ್ ಬೆಳಗ್ಗೆ ತೋರಿಸುತ್ತದೆ, ನರ್ಸ್ ಆ ಮನೆಗಳಿಗೆ ಫೋನು ಹಚ್ಚುತ್ತಾರೆ.

"ಕೆಂಪು ಅಕ್ಷರದಾಗ ಏನರ ಬರ್ತದೇನ್ರಿ?" ಎಂದು ಕೇಳಿದೆ.

"ಇಲ್ರಿ. ಹಸಿರೇ ಬರ್ತದ. ಆಯ್ತು ಅಂತದ."

ತಪ್ಪಾಗಿದೆ ಎಂದು ಹೇಳದ ತಪ್ಪನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಲ್ಯಾಪ್‌ಟಾಪ್ ತೆಗೆದು ಒಬ್ಬ ತಾಯಿಯನ್ನು ಸೃಷ್ಟಿಸಿದೆ, ಅವಳಿಗೆ ಇಬ್ಬರು ಮಕ್ಕಳನ್ನು ಕೊಟ್ಟೆ, ಬಾಯಿಗೆ ಬಂದ ಹೆಸರಿಟ್ಟೆ, ಸೇವ್ ಒತ್ತಿದೆ. ಮೂವರೂ ಗುಂಡು ಕಲ್ಲಿನ ಹಾಗೆ ಕೂತರು. "ನನ್ನ ಕಡೆ ಎಲ್ಲಾ ಬರಾಬರ್ ಅದ್ರಿ, ನಿಮ್ಮ ಕಡೆನೇ ಏನರ ಬಿಟ್ಟಿರ್ಬೇಕು ನೋಡ್ರಿ" ಎಂದೆ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

ನರ್ಸ್ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಮುಡಬಿ ಊರಿಂದೊಂದು ಕೂಸು ಇತ್ತುರಿ. ಮೈ ಹಳದಿ ಇತ್ತು, ತೂಕನೂ ಕಮ್ಮಿ. ಮೊನ್ನಿನೇ ಬರಬೇಕಿತ್ತು. ಕಂಪ್ಯೂಟರ್ ತೋರಿಸ್ಲಿಲ್ಲ, ನಾನೂ ಕರೀಲಿಲ್ಲ. ಈಗ ನೆನಪಾಗಿ ಫೋನ್ ಹಚ್ಚಾಕತ್ತೇನಿ, ಬಂದ್ ಅದ."

ಚಹಾ ಅಲ್ಲೇ ಬಿಟ್ಟೆ. ಬಸ್‌ಸ್ಟ್ಯಾಂಡಿಗೆ ಹೋಗಿ ಸಿಕ್ಕ ಬಸ್ಸು ಹತ್ತಿದೆ. ಊರ ಹೊರಗಿನ ಬಂಗ್ಲಾ ಸ್ಟಾಪ್ ದಾಟಿ ಹೆದ್ದಾರಿ ಹಿಡಿದ ಮೇಲೂ ಬಸ್ಸು ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಲೇ ಹೋಯಿತು. ನಾನು ಡ್ರೈವರನನ್ನೂ, ಹತ್ತಿದವರನ್ನೂ, ಕೊನೆಗೆ ನನ್ನನ್ನೂ ಮನಸ್ಸಿನಲ್ಲೇ ಬೈದುಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆಯಾಗಿತ್ತು. ನಾನು ಬರೆಯುವುದರಲ್ಲಿ ತಪ್ಪಾದರೆ ಯಾರೋ ಸ್ವಲ್ಪ ಗೊಣಗುತ್ತಾರೆ, ಅಷ್ಟೇ ಎಂದುಕೊಂಡಿದ್ದವಳು ನಾನು.

ಆಸ್ಪತ್ರೆಯಲ್ಲಿ ನರ್ಸ್ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತೆ. ವೆಬ್‌ಸೈಟ್ ಕಟ್ಟಲು ನಾನು ಬಳಸುವ ಫ್ರೇಮ್‌ವರ್ಕಿನಲ್ಲಿ ಯಾವ ಯಾವ ಮಾಹಿತಿಯನ್ನು ಒಳಗೆ ಬಿಡಬೇಕು ಎಂದು ಮೊದಲೇ ಹೇಳಿಡಬೇಕಾಗುತ್ತದೆ. ಮಕ್ಕಳ ಹೆಸರು, ತೂಕ ಎಲ್ಲ ಅಲ್ಲಿದ್ದವು. ಕೂಸನ್ನು ತಾಯಿಗೆ ಜೋಡಿಸುವ ಸಾಲು ನೋಡಿದೆ, ಅದೂ ಸರಿ. ಬಂದುಹೋದದ್ದನ್ನೆಲ್ಲ ಬರೆದಿಡುವ ಸರ್ವರಿನ ಲಾಗ್ ತೆಗೆದರೆ ಇನ್ನೂ ತಲೆ ಕೆಟ್ಟಿತು. ಕೂಸಿನ ವಿವರ ಬಾಗಿಲ ತನಕ ಬಂದಿದೆ, ಯಾರೂ ಬೇಡ ಅಂದಿಲ್ಲ, ಆದರೂ ಒಳಗೆ ಹೋಗಿಲ್ಲ. ದೊಡ್ಡ ಮಕ್ಕಳೆಲ್ಲ ಸೇವ್ ಆಗಿದ್ದಾರೆ. ಮಾಯವಾದವೆಲ್ಲ ಎಳೆ ಕೂಸುಗಳೇ. ಹುಟ್ಟಿದ ದಿನದಲ್ಲಿ ಏನೋ ಎಡವಟ್ಟಾಗಿದೆ ಎಂದು ಅದನ್ನೇ ಹಿಡಿದು ಜಗ್ಗಾಡಿದೆ. ಏನೂ ಗಿಟ್ಟಲಿಲ್ಲ. ನಡುನಡುವೆ ನರ್ಸ್ ಮುಡಬಿಯ ನಂಬರಿಗೆ ಫೋನು ಹಚ್ಚಿ, ನನ್ನ ಕಡೆ ನೋಡದೆ ಕೆಳಗಿಡುತ್ತಿದ್ದರು.

ಅಷ್ಟರಲ್ಲಿ ಒಬ್ಬ ಬಾಣಂತಿ, ಕೂಸನ್ನು ಎತ್ತಿಕೊಂಡ ಅವಳ ತಾಯಿ ಬಂದು ಎದುರು ನಿಂತರು. ನರ್ಸ್ ಬಾಣಂತಿಯ ವಿವರ ತುಂಬಿಸಿ ಕೆಳಗಿನ ಸಾಲಿಗೆ ಬಂದರು.

"ಹೆಸರು ಇಟ್ಟೀರೇನ್ರಿ ಕೂಸಿಗೆ?"

"ಎಲ್ಲೀ ಹೆಸರುರಿ, ಇನ್ನಾ ತೊಟ್ಲಾಗೇ ಹಾಕಿಲ್ಲ" ಎಂದಳು ಅಜ್ಜಿ.

ನರ್ಸ್ ತಲೆಯಾಡಿಸಿ ಹೆಸರಿನ ಜಾಗ ಖಾಲಿ ಬಿಟ್ಟು ಹುಟ್ಟಿದ ದಿನಕ್ಕೆ ಹೋದರು. ನಾನು ಹಣೆ ಚಚ್ಚಿಕೊಂಡೆ.

ಪುಟ ತೆರೆದಾಗ ಕೆಳಗೆ ಯಾವಾಗಲೂ ಒಂದೆರಡು ಖಾಲಿ ಸಾಲು ಇರುತ್ತವೆ. ಅವೆಲ್ಲ ಇಲ್ಲದ ಮಕ್ಕಳಾಗಿ ಸೇವ್ ಆಗಬಾರದೆಂದು ನಾನೇ ಒಂದು ನಿಯಮ ಬರೆದಿದ್ದೆ: ಹೆಸರು ಖಾಲಿ ಇದ್ದರೆ ಆ ಸಾಲನ್ನು ಸುಮ್ಮನೆ ಬಿಟ್ಟುಬಿಡು. ಮೊದಲು ಕಾಗದದ ಮೇಲೆ 'ಇಂಥವಳ ಕೂಸು' ಎಂದು ಬರೆಯುತ್ತಿದ್ದರಂತೆ. ಈ ಪುಟದಲ್ಲಿ ತಾಯಿಯ ಹೆಸರು ಮೇಲೇ ಇದೆ, ಇನ್ನೊಮ್ಮೆ ಯಾಕೆ ಎಂದು ನರ್ಸ್ ಖಾಲಿ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲೂ ತೊಟ್ಟಿಲ ದಿನದವರೆಗೆ ಯಾವ ಕೂಸಿಗೂ ಹೆಸರಿಲ್ಲ. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಊದಿ, ವಾಡಿಕೆಯಂತೆ ಸುತ್ತಲಿನ ಹೆಂಗಸರಿಂದ ಬೆನ್ನಿಗೆ ಗುದ್ದು ತಿಂದವಳು ನಾನೇ. ಲ್ಯಾಪ್‌ಟಾಪಿನ ಮುಂದೆ ಕೂತಾಗ ಮಾತ್ರ ಮಕ್ಕಳು ಹೆಸರಿಟ್ಟುಕೊಂಡೇ ಹುಟ್ಟುತ್ತಾರೆ ಎಂದುಕೊಂಡಿದ್ದೆ.

ತಿದ್ದಿದ್ದು ಒಂದೇ ಸಾಲು. ಹೆಸರು, ಹುಟ್ಟಿದ ದಿನ, ತೂಕ ಎಲ್ಲವೂ ಖಾಲಿ ಇದ್ದರೆ ಮಾತ್ರ ಬಿಡು. ಎದುರಿಗಿದ್ದ ಕೂಸು ತಕ್ಷಣ ಕೂತಿತು. ಆಮೇಲೆ ಮಕ್ಕಳೇ ಇಲ್ಲದ ತಾಯಂದಿರನ್ನು ಹುಡುಕಿದೆ. ಮಕ್ಕಳ ಆಸ್ಪತ್ರೆಯಲ್ಲಿ ಅಂಥ ತಾಯಂದಿರು ಇರುವುದೇ ತಮಾಷೆ, ಆದರೆ ನಗು ಬರಲಿಲ್ಲ. ನರ್ಸ್ ಒಬ್ಬೊಬ್ಬರಿಗೂ ಫೋನು ಹಚ್ಚಿದರು, ಎಲ್ಲರೂ ಸಿಕ್ಕರು. ಮುಡಬಿಯ ಫೋನೊಂದು ಮಾತ್ರ ಇನ್ನೂ ಬಂದ್.

ಡಾಕ್ಟರಿಗೆ ಹೇಳಿ ಮುಡಬಿಗೇ ಯಾರನ್ನಾದರೂ ಕಳಿಸೋಣ ಎಂದು ನಾವು ಏಳುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಡುತ್ತಿದ್ದಳು. ಅವಳ ಹಿಂದೆ ಮಗಳು, ಮಗಳ ಸೆರಗಿನಲ್ಲಿ ಕೂಸು.

"ಮುಡಬಿದವ್ರೇ!" ಎಂದರು ನರ್ಸ್.

"ಫೋನ್ ನೀರಾಗ ಬಿದ್ದದ್ರಿ. ಮೊನ್ನಿ ಬರ್ಬೇಕಂದ್ರ ಜೊತಿಗಿ ಬರಾಕ ಯಾರೂ ಇರಲಿಲ್ಲ. ಇವತ್ತ ಜೀಪ್ ಸಿಕ್ತು, ಬಂದ್ವಿ" ಎಂದಳು ಆ ಹೆಂಗಸು, ಏನೂ ಆಗಿಲ್ಲವೆಂಬಂತೆ.

ಡಾಕ್ಟರು ಕೂಸಿನ ಎದೆಯ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದರು, ತೂಕ ಮಾಡಿದರು. ಹಳದಿ ಇಳಿದಿದೆ, ತೂಕ ಏರಿದೆ ಎಂದರು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯೇನೂ ಆಗಲಿಲ್ಲ. ನರ್ಸ್ ಆ ಕೂಸನ್ನು ಮತ್ತೆ ಸೇರಿಸಿದರು, ಹೆಸರಿನ ಜಾಗ ಖಾಲಿ ಬಿಟ್ಟೇ. ಹೊರಗೆ ಬಂದು ಬಿಸಿ ಭಜಿ ತಿಂದೆ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಆಗ ಗೊತ್ತಾಯಿತು.

ಕೆಲವು ವಾರಗಳ ಮೇಲೆ ನರ್ಸ್ ಮತ್ತೆ ಫೋನು ಮಾಡಿದರು. ಮುಡಬಿಯ ಕೂಸನ್ನು ತೊಟ್ಟಿಲಲ್ಲಿ ಹಾಕಿದ್ದರಂತೆ, ಈಗ ಹೆಸರು ತುಂಬಿಸಿದ್ದಾರಂತೆ. ನನಗೆ ಹೊಸ ಹೆದರಿಕೆ ಹುಟ್ಟಿತು. ಇಂಥ ಪುಟದಲ್ಲಿ ಹಳೆಯ ಸಾಲನ್ನು ತಿದ್ದಿದಾಗ, ಅದರ ಗುರುತಿನ ಸಂಖ್ಯೆ ಜೊತೆಗೆ ಹೋಗದಿದ್ದರೆ ಫ್ರೇಮ್‌ವರ್ಕ್ ಅದನ್ನು ಹೊಸ ಕೂಸೆಂದೇ ತಿಳಿಯುತ್ತದೆ. ಹಳೆಯದು ಹೆಸರಿಲ್ಲದೆ ಅಲ್ಲೇ ಉಳಿಯುತ್ತದೆ.

"ಅಕ್ಕೋರೆ, ತಾಯಿ ಕೆಳಗ ಎಷ್ಟು ಕೂಸು ಅವ ನೋಡ್ರಿ" ಎಂದೆ.

"ಒಂದೇ ಅದ್ರಿ. ಎಷ್ಟಿರ್ಬೇಕು?"

"ಒಂದೇ ಇರ್ಬೇಕು."

"ಹೆಸರು ಓದ್ಲೇನ್ರಿ?" ಎಂದು ಓದಿದರು. ಇನ್ನೊಮ್ಮೆ ಹೇಳಿ ಎಂದೆ. ಮೊದಲ ಸಲವೇ ಸ್ಪಷ್ಟವಾಗಿ ಕೇಳಿಸಿತ್ತು.