ಟೆಸ್ಟ್ ಕಾರಿಗೆ ಪೂಜೆ

ಕೋಲಾರದ ನಮ್ಮ ಕಾರು ಶೋರೂಮಿನಲ್ಲಿ ನನಗೊಂದು ಗಾಜಿನ ಕೋಣೆ ಕೊಟ್ಟಿದ್ದಾರೆ. ಸೇಲ್ಸ್ ಮ್ಯಾನೇಜರ್ ಅಂದಮೇಲೆ ಕೋಣೆ ಇರಬೇಕಂತೆ. ಅದರೊಳಗೆ ನಾನು ಕುಳಿತದ್ದೇ ಕಡಿಮೆ. ತಿಂಗಳ ಕೊನೆ ಬಂತೆಂದರೆ ನನಗೆ ನಿಂತಲ್ಲಿ ನಿಲ್ಲಲಾಗದು. ಕಾರುಗಳ ಸುತ್ತ ಸುಮ್ಮನೆ ತಿರುಗುತ್ತೇನೆ, ಒರೆಸಿದ ಗಾಜನ್ನೇ ಮತ್ತೆ ಒರೆಸಿ ಎಂದು ಕಾಡುತ್ತೇನೆ. ಬಂದ ಗಿರಾಕಿಗಳು ನನ್ನನ್ನು ನೋಡಿ, ನನ್ನ ಹಿಂದೆ ಯಾರಾದರೂ ಗಂಡಸು ಇದ್ದಾನೆಯೇ ಎಂದು ಹುಡುಕಿ, "ಮ್ಯಾನೇಜರ್ ಇಲ್ವಾ ಮೇಡಂ?" ಎನ್ನುತ್ತಾರೆ. "ಇದ್ದಾರೆ, ಕೂತ್ಕೊಳ್ಳಿ" ಎಂದು ನೀರು ಕೊಟ್ಟು, ಎದುರಿನ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಆಗ ಅವರ ಮುಖ ನೋಡುವುದೆಂದರೆ ನನಗೆ ಬಲು ಇಷ್ಟ.

ಬೆಂಗಳೂರಿನ ಹೋಟೆಲುಗಳಲ್ಲಿ ನಮಗೆ ಆಗಾಗ ತರಬೇತಿ ಇರುತ್ತದೆ. ಮ್ಯಾನೇಜರಿಗೆ ಇರಬೇಕಾದ ಗುಣಗಳನ್ನು ಟೈ ಕಟ್ಟಿದವರೊಬ್ಬರು ಪರದೆಯ ಮೇಲೆ ತೋರಿಸುತ್ತಾರೆ. ಕೊಳ್ಳುವ ಮೊದಲೇ ಕಾರು ತನ್ನದು ಎಂದು ಗಿರಾಕಿಗೆ ಅನ್ನಿಸಬೇಕು, ಅನ್ನಿಸಿದ ಕೂಡಲೇ ನಾವು ಬಾಯಿ ಮುಚ್ಚಿಕೊಳ್ಳಬೇಕು. ಬಾಯಿ ಮುಚ್ಚಿಕೊಳ್ಳುವುದು ಎಷ್ಟು ದೊಡ್ಡ ಕಲೆ ಎಂದು ಅವರು ಒಂದಿಡೀ ಮಧ್ಯಾಹ್ನ ಮಾತಾಡಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ಶ್ರೀನಿವಾಸಪುರದ ಮಾವಿನ ತೋಟದವರನ್ನು ನೋಡಿಲ್ಲ. ಇಂಜಿನ್ ಬಿಟ್ಟು ಮೊದಲು ಡಿಕ್ಕಿ ತೆಗೆಸಿ, ಎಷ್ಟು ಕ್ರೇಟು ಹಿಡಿಯುತ್ತದೆ ಎಂದು ಕೈಯಲ್ಲಿ ಅಳೆಯುವವರು ಅವರು. ಮುಳಬಾಗಿಲಿನ ಚಪ್ಪಲಿ ಅಂಗಡಿಯ ಭಾಯ್ ಒಬ್ಬರು ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಆಕೆ "ಅಚ್ಛಾ ಹೈ ಬೇಟಾ" ಎನ್ನುವ ತನಕ ರೇಟನ್ನೇ ಕೇಳಲಿಲ್ಲ. ಕಾರನ್ನು ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ. ಒಪ್ಪುವವರು ಯಾರೆಂದು ಕಂಡುಹಿಡಿಯುವುದೇ ನನ್ನ ಕೆಲಸ ಎಂದು ನಾನು ತಿಳಿದಿದ್ದೆ.

ಹೋದ ವರ್ಷ ಆವನಿಯ ಹತ್ತಿರದ ಹಳ್ಳಿಯಿಂದ ರೇಷ್ಮೆ ಬೆಳೆಯುವವರೊಬ್ಬರು ಬಂದರು. ಬಿಳಿ ಕಾರೊಂದರ ಸುತ್ತ ಮೂರ್ನಾಲ್ಕು ಸಲ ಬಂದು ಹೋದ ಮೇಲೆ, "ಅಮ್ಮನಿಗೆ ಮಂಡಿನೋವು, ಇಲ್ಲಿಗೆ ಬರಕ್ಕಾಗಲ್ಲ. ಒಂದ್ಸಲ ಮನೆ ಹತ್ರಕ್ಕೆ ತನ್ನಿ ಮೇಡಂ, ನೋಡ್ಲಿ" ಎಂದರು. ಆ ತಿಂಗಳ ಗುರಿಗೆ ಒಂದೇ ಒಂದು ಕಾರು ಕಡಿಮೆ ಬಿದ್ದಿತ್ತು. ಬೆಂಗಳೂರಿನಲ್ಲಿರುವ ನಮ್ಮ ಮೇಲಿನವರು ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ನನ್ನ ಜೀವ ತಿಂದಿದ್ದರು. ಸೇಲ್ಸಿನವರೆಲ್ಲ ಬೇರೆ ಬೇರೆ ಕಡೆ ಹೋಗಿದ್ದರು. ಕಾಯುತ್ತ ಕೂರುವುದು ನನ್ನಿಂದಾಗದ ಕೆಲಸ, ಟೆಸ್ಟ್ ಡ್ರೈವಿಗೆಂದು ಇಟ್ಟಿರುವ ಕಾರನ್ನು ತೆಗೆದುಕೊಂಡು ಅವರ ಬೈಕಿನ ಹಿಂದೆ ನಾನೇ ಹೊರಟೆ.

ಕಾರು ಮನೆಯ ಮುಂದೆ ನಿಂತಿತು. ನಾನು ಸೀಟ್ ಬೆಲ್ಟ್ ಬಿಚ್ಚುವಷ್ಟರಲ್ಲಿ ಮಂಡಿನೋವಿನ ಅಜ್ಜಿ ಜಗಲಿ ಇಳಿದು ಬಂದಿದ್ದರು. ಕೈಯಲ್ಲಿ ಆರತಿ ತಟ್ಟೆ. ಬಾಗಿಲ ಮೇಲೆ ಟೆಸ್ಟ್ ಡ್ರೈವ್ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ಅಜ್ಜಿ ಅದರ ಪಕ್ಕದಲ್ಲೇ ಅರಿಶಿನ ಕುಂಕುಮ ಹಚ್ಚಿದರು. ನೋಡನೋಡುತ್ತಿದ್ದಂತೆ ಬಾನೆಟ್ಟಿಗೆ ಚೆಂಡು ಹೂವಿನ ಹಾರ ಬಿತ್ತು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಬಂದವು, ತೆಂಗಿನಕಾಯಿ ಒಡೆಯಿತು. ಬೀದಿಯ ಜನರೆಲ್ಲ ಸೇರಿದರು. "ಬಂಡಿ ಬಾಗುಂದಮ್ಮಾ!" ಎಂದು ಅಜ್ಜಿ ತೆಲುಗಿನಲ್ಲೇ ಕಾರನ್ನು ಹೊಗಳಿ, ಎರಡೂ ಕೈಯಿಂದ ನನಗೇ ದೃಷ್ಟಿ ತೆಗೆದರು. ಕಾರು ಬರುತ್ತದೆ ಎಂದಷ್ಟೇ ಮಗ ಫೋನಿನಲ್ಲಿ ಹೇಳಿದ್ದರಂತೆ. ಬರುವ ಕಾರು ವಾಪಸ್ಸು ಹೋಗುತ್ತದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ನಾನು ಮಗನ ಮುಖ ನೋಡಿದೆ. ಮೊದಲು ಗಾಬರಿ ಇತ್ತು. ಪಕ್ಕದ ಮನೆಯವರು ಬೆನ್ನು ತಟ್ಟಿ, "ಅಂತೂ ತಗೊಂಡ್ಬಿಟ್ಟೆ ಕಣೋ" ಎಂದಾಗ ಗಾಬರಿ ಹೋಗಿ ಮೆಲ್ಲಗೆ ನಗು ಬಂತು. ಅಲ್ಲ ಎಂದು ಅವರು ಹೇಳಲಿಲ್ಲ. ಕಾರು ಮಾರಾಟವಾಗಿಹೋಯಿತು ಎಂದು ನನಗೆ ಅಲ್ಲೇ ಗೊತ್ತಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಷ್ಟರಲ್ಲಿ ಅವರ ಹೆಂಡತಿ ಮನೆಯ ಪಕ್ಕದಿಂದ ಕೈಸನ್ನೆ ಮಾಡಿದರು. ಹೋದೆ. ಬಾಗಿಲ ಬಳಿ ತಡೆದರು. "ಸೆಂಟು ಹಾಕ್ಕೊಂಡಿದ್ದೀರ, ಒಳಕ್ಕೆ ಬರಬೇಡಿ. ಹುಳಕ್ಕೆ ಆಗಲ್ಲ." ಕಿಟಕಿಯಿಂದ ಇಣುಕಿದೆ. ನಡುಮನೆ, ಕೋಣೆ, ಅಡುಗೆಮನೆಯ ಒಂದು ಪಕ್ಕ ಎಲ್ಲ ಕಡೆ ರೇಷ್ಮೆ ಹುಳದ ತಟ್ಟೆಗಳೇ. ಜನ ಇರಲು ಜಾಗವೇ ಇರಲಿಲ್ಲ.

"ಹುಳ ಒಳಗೆ ಮಲಗ್ತವೆ, ನನ್ನ ಮಕ್ಳು ಜಗಲಿ ಮೇಲೆ ಮಲಗ್ತವೆ" ಎಂದರು. "ಹುಳದ ಮನೆ ಬೇರೆ ಕಟ್ಟಿಸ್ತೀನಿ ಅಂತ ವರ್ಷಗಟ್ಟಲೆ ಹೇಳ್ತಾ ಅವ್ರೆ. ಈ ಸಲ ಗೂಡು ಚೆನ್ನಾಗಿ ಬಂತು, ಕಟ್ಟೋಣ ಅಂದ್ಕೊಂಡ್ವಿ. ಅಷ್ಟರಲ್ಲಿ ಕಾರು ಅಂದ್ರು. ಸುಮ್ನೆ ನೋಡಕ್ಕೆ ಅಂತ ನಾನೂ ಒಪ್ಕೊಂಡೆ. ಅತ್ತೆ ಆರತಿ ಎತ್ತಿಬಿಟ್ರು. ಇನ್ನು ಈ ಜನದ ಮುಂದೆ ಬೇಡ ಅನ್ನೋಕೆ ಅವ್ರಿಗೆ ಬಾಯಿ ಬರ್ತದಾ? ನೀವೇ ಹೇಳ್ಬಿಡಿ ಮೇಡಂ. ನಾನು ಹೇಳಿದ್ರೆ ನನ್ ಕತೆ ಮುಗೀತು."

ಕೈಯಲ್ಲಿ ಫೋನು ನಡುಗುತ್ತಲೇ ಇತ್ತು, ಬೆಂಗಳೂರಿನಿಂದ. ಅದು ನಡುಗಿದಷ್ಟೂ ನನಗೆ ಸಿಟ್ಟು ಏರಿತು. ಆಕೆಯ ಮೇಲಿನ ಕನಿಕರವೋ ಫೋನಿನ ಮೇಲಿನ ಕೋಪವೋ ಇಂದಿಗೂ ಹೇಳಲಾರೆ. ನೇರ ಬೀದಿಗೆ ಬಂದು, "ಅಜ್ಜಿ, ಇದು ನಿಮ್ಮ ಕಾರಲ್ಲ. ಕಂಪನಿದು. ಬರೀ ತೋರಿಸೋಕೆ ತಂದಿದ್ದೀನಿ" ಎಂದುಬಿಟ್ಟೆ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ಆರತಿ ತಟ್ಟೆಯನ್ನೊಮ್ಮೆ, ಮಗನನ್ನೊಮ್ಮೆ ನೋಡಿ, "ಹಂಗಾದ್ರೆ ನಮ್ದಲ್ವಾ?" ಎಂದರು. ಮಗ ನನ್ನ ಹತ್ತಿರ ಬಂದು, "ಎಲ್ರ ಮುಂದೆ ಹೇಳ್ಬೇಕಾಗಿತ್ತಾ ಮೇಡಂ?" ಎಂದರು. ಕಾರನ್ನು ಓಡಿಸಿ ನೋಡುವುದಿರಲಿ, ಮುಟ್ಟಲೂ ಇಲ್ಲ. ನಿಂಬೆಹಣ್ಣುಗಳನ್ನು ಜಜ್ಜಿಕೊಂಡು ನಾನೊಬ್ಬಳೇ ವಾಪಸ್ಸು ಹೊರಟೆ.

ಹೂವು ಕುಂಕುಮದ ಕಾರು ಕಂಡು ಶೋರೂಮಿನವರೆಲ್ಲ ಡೆಲಿವರಿ ಆಯಿತೆಂದೇ ಚಪ್ಪಾಳೆ ತಟ್ಟಿದರು. ನಡೆದದ್ದನ್ನು ಫೋನಿನಲ್ಲಿ ಕೇಳಿದ ಮೇಲಿನವರು, "ಆಗಿರೋ ಸೇಲನ್ನ ಕೈಯಾರೆ ಕೆಡಿಸೋ ಮ್ಯಾನೇಜರನ್ನ ನಾನು ನೋಡೇ ಇರ್ಲಿಲ್ಲ" ಎಂದರು. ಗುರಿ ತಪ್ಪಿತು. ಹೋಗಲಿ, ಆಕೆಗಾದರೂ ಹುಳದ ಮನೆಯ ದುಡ್ಡು ಉಳಿಯಿತಲ್ಲ ಎಂದು ಸಮಾಧಾನ ಹೇಳಿಕೊಂಡೆ. ಅದೂ ನಿಲ್ಲಲಿಲ್ಲ. ಸ್ವಲ್ಪ ದಿನಕ್ಕೇ ಆತ ಬೆಂಗಳೂರಿಗೆ ಹೋಗಿ, ಅದೇ ಬಿಳಿ ಬಣ್ಣದ ಅಂಥದ್ದೇ ಕಾರು ಕೊಂಡು ತಂದರೆಂದು ಸುದ್ದಿ ಬಂತು. ಪೂಜೆ ಮಾಡಿಸಿಕೊಂಡ ಕಾರು ಬಾಗಿಲಿಂದ ವಾಪಸ್ಸು ಹೋಯಿತಲ್ಲ, ಊರಿನವರು ಆಡಿಕೊಂಡು ನಕ್ಕು ಅವರನ್ನು ಟೀ ಅಂಗಡಿಯಲ್ಲಿ ಕೂರಗೊಡಲಿಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಸುಮ್ಮನಿದ್ದಿದ್ದರೆ ಕಾರು ನನ್ನ ಲೆಕ್ಕಕ್ಕಾದರೂ ಬರುತ್ತಿತ್ತು. ಮಾತಾಡಿ ಕಿಸಿದದ್ದೇನು? ಮಾಲೂರಿನ ಮನೆಗೆ ಹೋಗುವ ದಾರಿಯುದ್ದಕ್ಕೂ ದಿನವೂ ಅದೇ ಯೋಚನೆ. ಬಾಯಲ್ಲಿ ಬೇರೆ ಬೇರೆ ಮಾತು ಜೋಡಿಸಿ, ಆ ಅಜ್ಜಿಯ ಮುಂದೆ ಮತ್ತೆ ಮತ್ತೆ ನಿಲ್ಲುತ್ತಿದ್ದೆ.

ಮೊನ್ನೆ ದೇವರಾಯಸಮುದ್ರದಲ್ಲಿ ಒಬ್ಬರಿಗೆ ಕಾರು ತೋರಿಸಿ ಬರುತ್ತಿದ್ದೆ. ತಡೆಯಲಾಗದೆ ಆ ಹಳ್ಳಿಯ ಕಡೆ ತಿರುಗಿಸಿದೆ. ಮನೆಯ ಪಕ್ಕದಲ್ಲಿ ಹೊಸದಾಗಿ ಒಂದು ಶೀಟಿನ ಶೆಡ್ಡು ಎದ್ದಿತ್ತು. ಅವರ ಬಿಳಿ ಕಾರು ಮಾತ್ರ ದೂರದ ಹೊಂಗೆ ಮರದ ಬುಡದಲ್ಲಿ, ಅರ್ಧ ಬಿಸಿಲಿನಲ್ಲಿ, ಮೈತುಂಬ ಧೂಳು ಮತ್ತು ಹಕ್ಕಿ ಹಿಕ್ಕೆ ಹೊತ್ತು ನಿಂತಿತ್ತು. ಶೆಡ್ಡಿಗೆ ಸುತ್ತಲೂ ಬಲೆ ಕಟ್ಟಿತ್ತು. ಒಳಗೆ ಸಾಲು ಸಾಲು ತಟ್ಟೆ. ಅವತ್ತು ನನ್ನನ್ನು ಬಾಗಿಲಲ್ಲಿ ತಡೆದಾಕೆ ಹುಳಗಳಿಗೆ ಸೊಪ್ಪು ಹಾಕುತ್ತಿದ್ದರು.

ನನ್ನ ಗುರುತು ಹಿಡಿದು ಬಲೆಯ ಹತ್ತಿರ ಬಂದರು.

"ಇದನ್ನ ಕಾರಿಗೆ ಅಂತ ಕಟ್ಸಿದ್ರು" ಎಂದರು. "ಅವ್ರು ಗೂಡು ಮಾರಕ್ಕೆ ಮಾರ್ಕೆಟ್ಟಿಗೆ ಹೋಗಿದ್ರು, ನಾನು ತಟ್ಟೆಯೆಲ್ಲ ಇಲ್ಲಿಗೆ ಹೊತ್ತು ಹೊಸ ಹುಳ ಬಿಟ್ಟುಬಿಟ್ಟೆ. ಅತ್ತೇನೂ ಕೈ ಹಾಕಿದ್ರು."

"ಅವರು ಬಂದು ಬೈಯಲಿಲ್ವಾ?"

"ಬೈದ್ರು. ಬಿಟ್ಟ ಹುಳಾನ ಯಾರು ಎತ್ತಾರೆ? ಕಾರಿಗೇನು ಮೇಡಂ, ಬಿಸಿಲಲ್ಲಿ ನಿಂತ್ರೆ ಸಾಯ್ತದಾ? ಮಕ್ಳು ಈಗ ಮನೆ ಒಳಗೆ ಮಲಗ್ತವೆ."